ಕಸದಲ್ಲಿ ರೇಡಿಯಂ ಕಂಡ ಮೇಡಂ ಕ್ಯೂರಿ

ಮೇಡಂ ಕ್ಯೂರಿಯವರ ಹೆಸರು ಕೇಳದ ಶಾಲಾಮಕ್ಕಳು ವಿರಳ. ರೇಡಿಯಂ ಕಂಡುಹಿಡಿದವರು, ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದವರು ಎಂದು ಎಲ್ಲರೂ ಬಲ್ಲರು. ಆದರೆ ಆ ರೇಡಿಯಂ ಅವರಿಗೆ ದೊರೆತದ್ದು ಗಣಿಯವರು ಬೇಡವೆಂದು ಕಾಡಿನಲ್ಲಿ ಸುರಿದಿದ್ದ ಕಸದಲ್ಲಿ ಎಂಬುದನ್ನು ನೆನೆಯುವವರು ಕಡಿಮೆ. ಅದೇ ರೇಡಿಯಂ ಇಂದು ಜಗತ್ತಿನ ಎಣ್ಣೆಬಾವಿಗಳ ಕಸದಲ್ಲಿ ಕಾಣಿಸಿಕೊಂಡು ತಜ್ಞರ ತಲೆನೋವಿಗೆ ಕಾರಣವಾಗಿದೆ. ಆದುದರಿಂದ ಅವರ ಬಾಳಿನ ಕಥೆಯನ್ನು ಮತ್ತೊಮ್ಮೆ ನೋಡುವುದು ಉಚಿತ.

ಮಾರ್ಯ ಸ್ಕ್ಲೊಡೋವ್ಸ್ಕ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದವರು. ಮಾರ್ಯಳಿಗೆ ಹತ್ತು ವರ್ಷವಾಗಿದ್ದಾಗ ಕ್ಷಯರೋಗದಿಂದ ತೀರಿಕೊಂಡರು. ವಾರ್ಸಾ ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪೋಲಿಷ್ ಭಾಷೆಯಲ್ಲಿ ಪಾಠ ಹೇಳುವಂತಿರಲಿಲ್ಲ. ಉಪಾಧ್ಯಾಯಿನಿಯರು ಗುಟ್ಟಾಗಿ ಪೋಲಿಷ್ ಕಲಿಸುತ್ತಿದ್ದರು. ತನಿಖಾಧಿಕಾರಿ ಬರುವ ಸೂಚನೆ ದೊರೆತೊಡನೆ ಪುಸ್ತಕಗಳು ಮಾಯವಾಗಿ ಹುಡುಗಿಯರ ಕೈಗೆ ಹೊಲಿಗೆಯ ಬಟ್ಟೆ ಬರುತ್ತಿತ್ತು. ರಷ್ಯನ್ ಭಾಷೆಯಲ್ಲಿ ಚೆನ್ನಾಗಿ ಉತ್ತರಿಸಬಲ್ಲವಳೆಂದು ಅಧಿಕಾರಿಯ ಮುಂದೆ ನಿಲ್ಲಿಸುತ್ತಿದ್ದುದು ಮಾರ್ಯಳನ್ನೇ. ಮನೆಮಾತೊಂದು, ಕಚೇರಿಯ ಮಾತೊಂದು ಎಂಬ ಸ್ಥಿತಿಯನ್ನು ಬಲ್ಲ ನಮ್ಮ ಓದುಗರಿಗೆ ಆ ಬಾಲೆಯ ಮನಸ್ಸನ್ನು ವಿವರಿಸಬೇಕಾಗಿಲ್ಲ.

ವಾರ್ಸಾದ ವಿಶ್ವವಿದ್ಯಾನಿಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನ್ಯಳನ್ನು ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದಿಸಲು ಮಾರ್ಯ ಹಳ್ಳಿಯೊಂದರ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದಳು. ಬಿಡುವಿನಲ್ಲಿ ಅಲ್ಲಿಯ ರೈತರ ಮಕ್ಕಳಿಗೆ ಪೋಲಿಷ್ ಓದುಬರಹ ಕಲಿಸಿದಳು. ಸಿಕ್ಕಿಬಿದ್ದರೆ ಕಠಿಣ ಶಿಕ್ಷೆ ಕಾದಿತ್ತು. 1891ರಲ್ಲಿ ತನ್ನ ಸರದಿ ಬಂದಾಗ ಪ್ಯಾರಿಸ್‌ಗೆ ಹೋಗಿ ಸೊರ್ಬಾನ್ ಸೇರಿದಳು. 1893ರಲ್ಲಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಪ್ರಥಮಳಾಗಿ ತೇರ್ಗಡೆಯಾದಳು. 1895ರಲ್ಲಿ ಭೌತವಿಜ್ಞಾನಿ ಪಿಯೇರ್ ಕ್ಯೂರಿಯವರನ್ನು ವಿವಾಹವಾಗಿ ಮಾರಿ ಕ್ಯೂರಿ ಆದರು.

ಮರುವರ್ಷ ಬೆಕೆರೆಲ್ ಎಂಬ ವಿಜ್ಞಾನಿ ಯುರೇನಿಯಂ ಲವಣಗಳಿಂದ ಕಣ್ಣಿಗೆ ಕಾಣದ ಕಿರಣಗಳು ಹೊರಡುವುದನ್ನು ಗಮನಿಸಿದರು. ಮಾರಿ ಅದನ್ನೇ ತಮ್ಮ ಸಂಶೋಧನೆಗೆ ಆರಿಸಿಕೊಂಡರು. ಪಿಯೇರ್ ಮತ್ತು ಅವರ ಅಣ್ಣ ರೂಪಿಸಿದ್ದ ಸೂಕ್ಷ್ಮ ಉಪಕರಣದಿಂದ ಸಿಕ್ಕಿದ ಖನಿಜಗಳನ್ನೆಲ್ಲ ಅಳೆದರು. ಥೋರಿಯಂ ಕೂಡ ಕಿರಣ ಸೂಸುವುದು ತಿಳಿಯಿತು. ಪಿಚ್‌ಬ್ಲೆಂಡ್ ಎಂಬ ಅದಿರಂತೂ ಅದರಲ್ಲಿದ್ದ ಯುರೇನಿಯಂನ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಪ್ರಬಲವಾಗಿತ್ತು. ಅಳತೆ ತಪ್ಪಿರಬಹುದೆಂದು ಮತ್ತೆ ಮತ್ತೆ ಅಳೆದರು; ತಪ್ಪಿರಲಿಲ್ಲ. ಒಳಗೆ ಬೇರೇನೋ ಅಡಗಿರಬೇಕು. ಪತಿಯೂ ಕೈಜೋಡಿಸಿದರು. 1898ರ ಜುಲೈಯಲ್ಲಿ ಒಂದು ಹೊಸ ಧಾತು ದೊರೆಯಿತು. ಭೂಪಟದಲ್ಲಿ ಸ್ವತಂತ್ರ ಸ್ಥಾನವಿಲ್ಲದಿದ್ದ ತಾಯ್ನಾಡಿನ ನೆನಪಿಗೆ ಅದಕ್ಕೆ ಪೊಲೋನಿಯಂ ಎಂದು ಹೆಸರಿಟ್ಟರು. ಡಿಸೆಂಬರಿನಲ್ಲಿ ರೇಡಿಯಂನ ಸುಳಿವು ಸಿಕ್ಕಿತು.

ಅದನ್ನು ಬೇರ್ಪಡಿಸಿ ತೋರಿಸಲು ಟನ್ನುಗಟ್ಟಲೆ ಅದಿರು ಬೇಕು; ಕೊಳ್ಳಲು ಹಣವಿಲ್ಲ. ಬೊಹೀಮಿಯದ ಯೋವಾಕಿಮ್‌ಸ್ಥಾಲ್ ಗಣಿಯಲ್ಲಿ ಗಾಜಿಗೆ ಬಣ್ಣ ಕೊಡುವ ಯುರೇನಿಯಂ ತೆಗೆದುಕೊಂಡು ಉಳಿದುದನ್ನು ಪೈನ್ ಮರಗಳ ಕೆಳಗೆ ಸುರಿಯುತ್ತಿದ್ದರು. ಆಸ್ಟ್ರಿಯ ಸರಕಾರದ ಔದಾರ್ಯದಿಂದ ಆ ಕಸ ಮೂಟೆಗಳಲ್ಲಿ ಪ್ಯಾರಿಸ್‌ಗೆ ಬಂತು. ಕಂದು ಪುಡಿಯಲ್ಲಿ ಪೈನ್ ಎಲೆಗಳೂ ಬೆರೆತಿದ್ದವು. ಮಳೆಗೆ ಸೋರುವ ಹಳೆಯ ಶೆಡ್ ಒಂದೇ ಪ್ರಯೋಗಶಾಲೆ. ದೊಡ್ಡ ಪಾತ್ರೆಗಳಲ್ಲಿ ಕುದಿಯುವ ದ್ರಾವಣವನ್ನು ಮಾರಿ ತಮ್ಮಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ದಿನವಿಡೀ ಕಲಕುತ್ತಿದ್ದರು. ರೇಡಿಯಂ ಯಾವಾಗಲೂ ಬೇರಿಯಂನ ಬೆನ್ನು ಹಿಡಿದೇ ಬರುತ್ತಿತ್ತು. ಈ ಜೋಡಿಯನ್ನು ಬಿಡಿಸುವುದರಲ್ಲೇ ವರ್ಷಗಳು ಕಳೆದವು. 1902ರಲ್ಲಿ ದೊರೆತ ಶುದ್ಧ ರೇಡಿಯಂ ಲವಣ ಕೇವಲ 0.1 ಗ್ರಾಂ.

1903ರಲ್ಲಿ ಪತಿ ಮತ್ತು ಬೆಕೆರೆಲ್ ಅವರೊಂದಿಗೆ ಭೌತವಿಜ್ಞಾನದ ನೊಬೆಲ್ ಬಂತು. 1906ರಲ್ಲಿ ಕುದುರೆ ಬಂಡಿಯಡಿ ಸಿಲುಕಿ ಪಿಯೇರ್ ಮಡಿದರು. ಮಾರಿ ಕಣ್ಣೀರು ನುಂಗಿ ಪತಿಯ ಸ್ಥಾನದಲ್ಲಿ ಪಾಠ ಮುಂದುವರಿಸಿ ಸೊರ್ಬಾನಿನ ಪ್ರಥಮ ಮಹಿಳಾ ಪ್ರಾಧ್ಯಾಪಕಿಯಾದರು. 1911ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಅವರೊಬ್ಬರಿಗೇ ಸಂದಿತು. ರೇಡಿಯಂ ತೆಗೆಯುವ ವಿಧಾನಕ್ಕೆ ದಂಪತಿಗಳು ಪೇಟೆಂಟ್ ಪಡೆದಿರಲಿಲ್ಲ. ಕೊನೆಗೆ ಸಂಶೋಧನೆಗೆ ಒಂದು ಗ್ರಾಂ ರೇಡಿಯಂ ಬೇಕಾದಾಗ ಅಮೇರಿಕದ ಮಹಿಳೆಯರು ಚಂದಾ ಎತ್ತಿ 1921ರಲ್ಲಿ ಅದನ್ನು ಕೊಡಿಸಿದರು. ಬೆಲೆ ಒಂದು ಲಕ್ಷ ಡಾಲರ್.

ಕತ್ತಲಲ್ಲಿ ಹೊಳೆಯುವ ಆ ಲವಣದ ಕೊಳವೆಗಳನ್ನು ನೋಡಿ ದಂಪತಿಗಳು ಆನಂದಿಸುತ್ತಿದ್ದರು. ಮಾರಿಯ ಬೆರಳ ತುದಿಗಳು ಸುಟ್ಟು ಬಿರಿದವು. 1934ರ ಜುಲೈ 4ರಂದು ರಕ್ತ ಉತ್ಪಾದನೆಯೇ ಕುಂದುವ ರೋಗದಿಂದ ಅವರು ನಿಧನರಾದರು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ಇಂದಿಗೂ ವಿಕಿರಣವಿದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು.

ಈಗ ಎಣ್ಣೆಬಾವಿಯ ವಿಚಾರ. ಭೂಗರ್ಭದ ಬಂಡೆಗಳಲ್ಲಿ ಯುರೇನಿಯಂ, ಥೋರಿಯಂ ಅಲ್ಪಸ್ವಲ್ಪ ಎಲ್ಲೆಡೆಯೂ ಇವೆ. ನಮ್ಮ ರಾಜ್ಯದ ಕೊಲ್ಲಂ ಬಳಿ ಚವರದ ಕರಿಮರಳಿನಲ್ಲಿರುವುದೂ ಇದೇ ಥೋರಿಯಂ. ಇವು ಕ್ಷಯಿಸುತ್ತ ರೇಡಿಯಂ ಹುಟ್ಟುತ್ತದೆ. ಕಲ್ಲೆಣ್ಣೆಯ ಪದರಗಳಲ್ಲಿರುವ ಉಪ್ಪುನೀರಿನಲ್ಲಿ ಅದು ಕರಗಿ ಎಣ್ಣೆಯೊಡನೆ ಮೇಲೇರುತ್ತದೆ. ದಾರಿಯಲ್ಲಿ ಒತ್ತಡ, ಶಾಖ ತಗ್ಗಿದಾಗ, ಅಥವಾ ಬಾವಿಗೆ ನೂಕಿದ ಸಮುದ್ರದ ನೀರು ಬೆರೆತಾಗ, ಬೇರಿಯಂ ಸಲ್ಫೇಟ್ ಗಟ್ಟಿಯಾಗಿ ಕೊಳವೆಯ ಒಳಮೈಗೆ ಅಂಟುತ್ತದೆ. ಬಚ್ಚಲ ಹಂಡೆಯೊಳಗೆ ಕಟ್ಟುವ ಕಿಟ್ಟದಂತೆ. ಮಾರಿಯ ಪಾತ್ರೆಯಲ್ಲಿ ಆದಂತೆಯೇ ಇಲ್ಲಿಯೂ ರೇಡಿಯಂ ಬೇರಿಯಂನ ಬೆನ್ನು ಬಿಡುವುದಿಲ್ಲ. ನೈಸರ್ಗಿಕ ಅನಿಲದ ಕೊಳವೆಗಳಲ್ಲಿ ಪೊಲೋನಿಯಂ ತೆಳುವಾಗಿ ಲೇಪಗೊಳ್ಳುತ್ತದೆ. ಅವರು ಕಂಡುಹಿಡಿದ ಎರಡು ಧಾತುಗಳೂ ಅಲ್ಲಿವೆ.

ಎಣ್ಣೆಬಾವಿಗಳಲ್ಲಿ ವಿಕಿರಣವಿದೆಯೆಂದು ವಿಜ್ಞಾನಿಗಳು 1904ರಲ್ಲೇ ಅರಿತಿದ್ದರು. ಆದರೂ ಉದ್ಯಮ ಎಚ್ಚೆತ್ತುದು 1981ರಲ್ಲಿ ಉತ್ತರ ಸಮುದ್ರದ ಬಾವಿಗಳಲ್ಲಿ, 1986ರಲ್ಲಿ ಅಮೇರಿಕದ ಮಿಸಿಸಿಪಿಯಲ್ಲಿ ಇಂತಹ ಕಿಟ್ಟ ಪತ್ತೆಯಾದ ಮೇಲೆ. ಅಷ್ಟರಲ್ಲಿ ಅಮೇರಿಕದಲ್ಲಿ ಹಳೆಯ ಕೊಳವೆಗಳು ಬೇಲಿಗೂ ಶಾಲೆಗಳ ಬೆಸುಗೆ ತರಗತಿಗೂ ಹೋಗಿದ್ದವು. ಕೊಳವೆಯ ಹತ್ತಿರ ನಿಂತವನಿಗೆ ಅಪಾಯ ಅಲ್ಪ. ಕಿಟ್ಟ ಕೆರೆಯುವವನು ಆ ಧೂಳನ್ನು ಉಸಿರಾಡಿದರೆ ಅಪಾಯ ದೊಡ್ಡದು. ದೇಹ ಸೇರಿದ ರೇಡಿಯಂ ಎಲುಬನ್ನು ಹಿಡಿಯುತ್ತದೆ.

ಕಾಡಿಗೆಸೆದ ಕಸವನ್ನು ಅಳೆದು ನೋಡಿದ್ದರಿಂದ ಮೇಡಂ ಕ್ಯೂರಿ ಮೇಡಂ ಕ್ಯೂರಿಯಾದರು. ಅದರ ಅಪಾಯವನ್ನು ಅಳೆಯುವ ಜ್ಞಾನ ಅವರ ಕಾಲದಲ್ಲಿ ಸಾಕಷ್ಟು ಇರಲಿಲ್ಲ. ಅದರ ಬೆಲೆಯನ್ನು ಅವರ ದೇಹವೇ ತೆತ್ತಿತು. ನಮ್ಮ ಕಾಲಕ್ಕೆ ಆ ನೆಪವಿಲ್ಲ. ಕಿಟ್ಟ ಕೆರೆಯುವ ಕೂಲಿಯಾಳಿನ ಕೈಗೆ ಸಲಾಕೆ ಕೊಡುವ ಮೊದಲು ಕೊಳವೆಯನ್ನು ಅಳೆದು ನೋಡುವುದೇ ಆ ಮಹಾತಾಯಿಗೆ ಸಲ್ಲಬೇಕಾದ ಗೌರವ.