ಅಧಿಕಾರವನ್ನು ಒಳಗಿನಿಂದ ಕಂಡ ಆರ್ವೆಲ್

ಜಾರ್ಜ್ ಆರ್ವೆಲ್ ಜನಿಸಿದ್ದು ನಮ್ಮ ದೇಶದಲ್ಲೇ, 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ನಿಜನಾಮ ಎರಿಕ್ ಆರ್ಥರ್ ಬ್ಲೇರ್. ತಂದೆ ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯ ಅಧಿಕಾರಿ. ಮಗನೂ 1922ರಿಂದ ಐದು ವರ್ಷ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಆಳುವವರ ದರ್ಪಕ್ಕೆ ಹೇಸಿ ಕೆಲಸ ಬಿಟ್ಟರು. 1937ರಲ್ಲಿ ಸ್ಪೇನಿನ ಯುದ್ಧದಲ್ಲಿ ಗಂಟಲಿಗೆ ಗುಂಡು ತಗಲಿತು. ಕ್ಷಯರೋಗದಿಂದ ನರಳುತ್ತಲೇ ಬರೆದ ‘1984’ ಕಾದಂಬರಿ 1949ರಲ್ಲಿ ಹೊರಬಂತು; ಮರುವರ್ಷ ಜನವರಿಯಲ್ಲಿ, 46ನೆಯ ವಯಸ್ಸಿನಲ್ಲಿ ನಿಧನರಾದರು.

ಆ ಕಾದಂಬರಿಯ ಸರಕಾರ ಮನೆಯೊಳಗೂ ಕಣ್ಣಿಡುತ್ತದೆ, ಹಳೆಯ ಪತ್ರಿಕೆಗಳನ್ನೇ ತಿದ್ದುತ್ತದೆ, ನಿಘಂಟಿನಿಂದ ಪದಗಳನ್ನು ಕಿತ್ತುಹಾಕುತ್ತದೆ. ಅಮೆರಿಕ ಸರಕಾರ ತನ್ನ ಪ್ರಜೆಗಳ ದೂರವಾಣಿ ದಾಖಲೆಗಳನ್ನು ರಾಶಿ ಹಾಕುತ್ತಿದ್ದುದು 2013ರಲ್ಲಿ ಬಯಲಾದಾಗ, ಜನ ಮತ್ತೆ ಆ ಪುಸ್ತಕವನ್ನು ಕೊಂಡು ಓದಿದರು. ಮಾತು ಕಳೆದುಕೊಂಡವರು ಪ್ರಶ್ನೆ ಕೇಳಲಾರರು. ಭಾಷೆಯನ್ನು ಜತನದಿಂದ ಕಾಯ್ದುಕೊಂಡು ಬಂದ ಗಡಿನಾಡಿನ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.