ಗುಪ್ತಲಿಪಿಯ ಬೀಗ ತೆರೆದ ಅಲನ್ ಟ್ಯೂರಿಂಗ್

ನಾವುಂದದ ಈ ಸರಕಾರಿ ಪ್ರೌಢಶಾಲೆಯಲ್ಲಿ ಓದಿ, ಈಗ ತಂತ್ರಾಂಶದ ಕೆಲಸ ಮಾಡುತ್ತಿರುವವನು ನಾನು. ಬ್ಯಾಂಕಿನ ಆ್ಯಪ್ ಮತ್ತು ಸರ್ವರ್ ನಡುವಿನ ಸಂದೇಶ ಮೂರನೆಯವರ ಕೈಗೆ ಸಿಗದಂತೆ ಕಾಯುವುದು ನನ್ನ ಉದ್ಯೋಗ. ಈ ವಿದ್ಯೆಯ ಹಿರಿಯರೊಬ್ಬರನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನೆನೆಯಬಯಸುತ್ತೇನೆ.

ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿ. ನಮ್ಮ ಕುಂದಾಪುರ ತಾಲೂಕೂ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ತಂದೆತಾಯಿ ಭಾರತದಲ್ಲಿದ್ದಾಗ ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. ಅಪ್ಪ ಮುಂಬಯಿ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವಾಗ ಅಜ್ಜಿಮನೆಯಲ್ಲಿ ಬೆಳೆದ ನಮ್ಮೂರಿನ ಅನೇಕರಿಗೆ ಇದು ಅಪರಿಚಿತ ಬದುಕಲ್ಲ.

1926ರಲ್ಲಿ ಹೊಸ ಶಾಲೆಗೆ ಸೇರುವ ಹೊತ್ತಿಗೆ ದೇಶದಲ್ಲೆಲ್ಲ ಮುಷ್ಕರ; ರೈಲು ಇರಲಿಲ್ಲ. ಹುಡುಗ ಸುಮಾರು 100 ಕಿ.ಮೀ. ಸೈಕಲ್ ತುಳಿದು ಶಾಲೆ ಮುಟ್ಟಿದ. ಮುಂದೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1936ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಸೂಚನೆಗಳನ್ನು ಓದಿ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರವನ್ನು ಕಲ್ಪಿಸಿದರು. ಇಂದಿನ ಕಂಪ್ಯೂಟರಿನ ಬೀಜ ಅಲ್ಲಿದೆ.

1939ರಲ್ಲಿ ಯುದ್ಧ ಆರಂಭವಾದೊಡನೆ ಅವರು ಬ್ಲೆಚ್ಲಿ ಪಾರ್ಕಿನ ಗುಪ್ತ ಕೇಂದ್ರ ಸೇರಿದರು. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಅವುಗಳ ಸಂದೇಶ ಎನಿಗ್ಮಾ ಯಂತ್ರದ ಗುಪ್ತಲಿಪಿಯಲ್ಲಿ ಹೋಗುತ್ತಿತ್ತು. ಪೋಲೆಂಡಿನ ಗಣಿತಜ್ಞರು ಮೊದಲೇ ಕಂಡುಕೊಂಡಿದ್ದ ದಾರಿಯನ್ನು ಟ್ಯೂರಿಂಗ್ ಮುಂದುವರಿಸಿ, ಕೀಲಿ ಹುಡುಕುವ ಯಂತ್ರವನ್ನು ರೂಪಿಸಿದರು. ಎನಿಗ್ಮಾದಲ್ಲಿ ಒಂದು ಅಕ್ಷರ ಎಂದೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಹವಾಮಾನ ವರದಿಯಂಥ ಸಂದೇಶಗಳಲ್ಲಿ ಅವೇ ಮಾತುಗಳು ಮತ್ತೆ ಮತ್ತೆ ಬರುತ್ತಿದ್ದವು. ಯಂತ್ರದ ಈ ದೋಷ ಮತ್ತು ಬಳಸುವವರ ಈ ರೂಢಿ, ಎರಡೂ ಸೇರಿ ಬೀಗ ತೆರೆಯಲು ನೆರವಾದವು.

ಇಂದಿಗೂ ಹಾಗೆಯೇ. ಸರ್ವರ್ ತಾನು ಯಾರೆಂದು ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಹೆಸರು ತಾಳೆಯಾಗದಿದ್ದರೆ ಅಥವಾ ಅವಧಿ ಮುಗಿದಿದ್ದರೆ ನಾವು ಬಳಸುವ ಲೈಬ್ರರಿ ಸಂಪರ್ಕವನ್ನು ತಡೆಯುತ್ತದೆ. ಅವಸರದ ಪ್ರೋಗ್ರಾಮರ್ ಆ ತಪಾಸಣೆಯನ್ನೇ ಆಫ್ ಮಾಡಿಬಿಟ್ಟರೆ, ಗಣಿತ ಎಷ್ಟೇ ಗಟ್ಟಿಯಿದ್ದರೂ ಕಳ್ಳನಿಗೆ ಬಾಗಿಲು ತೆರೆದಂತೆ. ಸಹಾಯ ಕೇಳಿ ಬರುವ ಕಿರಿಯರಿಗೆ ನಾನು ಎನಿಗ್ಮಾದ ಕತೆ ಹೇಳುವುದು ಇದಕ್ಕಾಗಿಯೇ.

ಯುದ್ಧಾನಂತರ ಟ್ಯೂರಿಂಗ್ ಕಂಪ್ಯೂಟರ್ ವಿನ್ಯಾಸದಲ್ಲಿ ತೊಡಗಿದರು. 1950ರಲ್ಲಿ, ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಚರ್ಚಿಸಿ ಬರೆದರು. 1952ರಲ್ಲಿ ಸಲಿಂಗ ಸಂಬಂಧದ ಕಾರಣಕ್ಕೆ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಜೈಲಿನ ಬದಲು ಹಾರ್ಮೋನು ಚಿಕಿತ್ಸೆಗೆ ಒಪ್ಪಬೇಕಾಯಿತು. ಸರಕಾರದ ಗುಪ್ತಲಿಪಿ ಕೆಲಸವೂ ಕೈತಪ್ಪಿತು. 1954ರ ಜೂನ್ 7ರಂದು, 41ರ ವಯಸ್ಸಿನಲ್ಲಿ ತೀರಿಕೊಂಡರು. ಅದು ಆತ್ಮಹತ್ಯೆಯೆಂದು ವಿಚಾರಣೆ ತೀರ್ಮಾನಿಸಿತು. ಬ್ಲೆಚ್ಲಿಯಲ್ಲಿ ಅವರು ಮಾಡಿದ್ದೇನೆಂದು ಜನರಿಗೆ ತಿಳಿದದ್ದು 1970ರ ದಶಕದಿಂದೀಚೆಗೆ. ಬ್ರಿಟನ್ನಿನ ಪ್ರಧಾನಿ 2009ರಲ್ಲಿ ಕ್ಷಮೆ ಕೇಳಿದರು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಬಂತು.

ದೇಶದ ಗುಟ್ಟು ಕಾದವನನ್ನು ದೇಶ ಕಾಯಲಿಲ್ಲ. ನಮ್ಮ ಶಾಲೆಯ ಮಕ್ಕಳು ಗಣಿತ ಕಲಿಯಲಿ, ಕಂಪ್ಯೂಟರ್ ಕಲಿಯಲಿ. ಪಕ್ಕದ ಬೆಂಚಿನಲ್ಲಿ ಕೂತ, ಎಲ್ಲರಂತಿಲ್ಲದ ಗೆಳೆಯನನ್ನು ಗೌರವದಿಂದ ಕಾಣುವುದನ್ನೂ ಕಲಿಯಲಿ.