ಕನ್ನಡ ಮಾತುಗಳ ಕಣಜ ಕಟ್ಟಿದ ಕಿಟ್ಟೆಲ್ ಅಯ್ಯನವರು

ನವಲಗುಂದ ಸೀಮೆಯ ಮೊರಬದಂಥ ಎರೆಭೂಮಿಯ ಊರುಗಳಲ್ಲಿ ಒಕ್ಕಲಿಗನು ಕೂರಿಗೆ ಹೂಡುವಾಗಲೂ ಕುಂಟೆ ಹೊಡೆಯುವಾಗಲೂ ಆಡುವ ಮಾತುಗಳು ಗ್ರಂಥದಲ್ಲಿ ಬರೆದಿಡುವಷ್ಟು ಬೆಲೆಯುಳ್ಳವುಗಳೆಂದು ನೂರೈವತ್ತು ವರ್ಷಗಳ ಹಿಂದೆ ಎಣಿಸಿದವರು ಬಹು ಕೊಂಚ ಜನ. ಹಾಗೆ ಎಣಿಸಿದವರಲ್ಲಿ ಒಬ್ಬರು ದೂರದೇಶದಿಂದ ಬಂದ ಫೆರ್ಡಿನಂಡ್ ಕಿಟ್ಟೆಲ್ ಎಂಬ ಪಾದ್ರಿಯವರು. ಧಾರವಾಡದ ಕಾಲೇಜೊಂದು ಅವರ ಹೆಸರನ್ನು ಹೊತ್ತಿರುವದರಿಂದ ಆ ಹೆಸರು ಅನೇಕರ ಬಾಯಲ್ಲುಂಟು. ಬಾಳಿನ ಸಂಗತಿಯು ಅಷ್ಟಾಗಿ ತಿಳಿದಿಲ್ಲ.

ಕಿಟ್ಟೆಲರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಅಂಚಿನಲ್ಲಿ, ಪೂರ್ವ ಫ್ರೀಸ್‌ಲಂಡ್ ಎಂಬ ಕಡಲತಡಿಯ ಸೀಮೆಯಲ್ಲಿ ಹುಟ್ಟಿದರು. ತಂದೆಯವರು ಸಭಾಪಾಲಕರು. ಆ ಸೀಮೆಯ ಜನರು ಮನೆಯಲ್ಲಿ ಆಡುವ ಮಾತು ಒಂದು, ಸಾಲೆಯಲ್ಲಿಯೂ ದೇವಾಲಯದಲ್ಲಿಯೂ ನಡೆಯುವ ಭಾಷೆ ಇನ್ನೊಂದು. ಹೊಲದವರ ನುಡಿಯನ್ನು ಪುಸ್ತಕದ ನುಡಿಯು ಹೇಗೆ ಹಿಂದೆ ತಳ್ಳುವದೆಂಬದನ್ನು ಈ ಬಾಲಕನು ಚಿಕ್ಕಂದಿನಲ್ಲಿಯೇ ಕಂಡಿರಬಹುದು. ಇಬ್ರಿಯ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿತು, ಬಾಸೆಲ್ ಮಿಶನ್ನಿನ ಸಾಲೆಯಲ್ಲಿ ತರಬೇತು ಹೊಂದಿ, ತಮ್ಮ 21ನೆಯ ಪ್ರಾಯದಲ್ಲಿ, ಅಂದರೆ 1853ರಲ್ಲಿ, ಅವರು ಹಿಂದುಸ್ಥಾನಕ್ಕೆ ಬಂದು ಧಾರವಾಡವನ್ನು ಮುಟ್ಟಿದರು.

ಆಗಿನ ಧಾರವಾಡದ ಸ್ಥಿತಿಯನ್ನು ತಿಳಿಯದೆ ಅವರ ಕೆಲಸದ ಬೆಲೆಯು ತಿಳಿಯಲಾರದು. ಪೇಶ್ವೆಯರ ಆಳಿಕೆ 1818ರಲ್ಲಿ ಮುಗಿದಿದ್ದರೂ ಕಚೇರಿಯ ಕಾಗದಪತ್ರಗಳಲ್ಲಿ ಮರಾಠಿಯ ಪ್ರಾಬಲ್ಯವು ಮುಗಿದಿರಲಿಲ್ಲ. ಈ ನಾಡನ್ನೇ ಸರಕಾರದವರು ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದರು. ಕನ್ನಡ ಮಕ್ಕಳು ಮರಾಠಿ ಸಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಕಾಲವದು. ಸಾಲೆಗಳನ್ನು ಕನ್ನಡಕ್ಕೆ ತಿರುಗಿಸುವದಕ್ಕಾಗಿ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಪರಿಶ್ರಮವು ಆ ಮೇಲಿನದು; ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು 1890ರಲ್ಲಿ. ಇಂಥ ಹೊತ್ತಿನಲ್ಲಿ ಕಿಟ್ಟೆಲರು ಹಳ್ಳಿಗಳಲ್ಲಿ ಕಾಲ್ನಡೆಯಾಗಿ ತಿರುಗಿ, ಜನರ ಸಂಗಡ ಬೆರೆತು ಕನ್ನಡವನ್ನು ಅವರ ಬಾಯಿಂದಲೇ ಕಲಿತರು. ಕನ್ನಡಿಗರಿಗೆ ಕನ್ನಡಿಗರಾಗಬೇಕೆಂಬದು ಅವರ ಹಂಬಲವಾಗಿತ್ತು.

ಆದರೆ ಈ ನಡತೆಯು ಮಿಶನ್ನಿನ ಹಿರಿಯರಲ್ಲಿ ಕೆಲವರಿಗೆ ರುಚಿಸಲಿಲ್ಲ. ಯುರೋಪಿನವನು ದೇಶದವರಿಂದ ಕೊಂಚ ದೂರವಿರತಕ್ಕದ್ದೆಂಬ ಭಾವನೆ ಆಗ ಬಲವಾಗಿತ್ತು. ಹಳೆಗನ್ನಡ ಕಾವ್ಯಗಳನ್ನೂ ಸಂಸ್ಕೃತವನ್ನೂ ಓದುತ್ತ ಕೂಡುವದು ಸುವಾರ್ತೆಯ ಕೆಲಸವೇ ಎಂಬ ಪ್ರಶ್ನೆಯೂ ಹುಟ್ಟಿತು. ಕಿಟ್ಟೆಲರು ಇದಕ್ಕೆ ಕೊಟ್ಟ ಉತ್ತರವು ಒಂದು ಪುಸ್ತಕವೇ ಸರಿ. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ ಹಾಡಿ 'ಕಥಾಮಾಲೆ' ಎಂಬದಾಗಿ ಪ್ರಕಟಿಸಿದರು. ಜರ್ಮನ್ ರಾಗಗಳ ಗೀತೆಗಳೇ ನಮ್ಮ ಸಭೆಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಮತವನ್ನು ಬದಲಾಯಿಸಿದವನು ಹಾಡನ್ನೂ ಬದಲಾಯಿಸಬೇಕಾಗಿಲ್ಲವೆಂದು ತೋರಿಸಿದ್ದು ಚಿಕ್ಕ ಮಾತಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ಹಳೆಯ ಪದಗಳನ್ನು ಪಾಪವೆಂದೇ ಬಿಟ್ಟುಬಿಟ್ಟರಲ್ಲವೇ!

ಅವರ ಸಂಸಾರದಲ್ಲಿ ದುಃಖವು ಬೇಗ ಬಂತು. 1860ರಲ್ಲಿ ಮದುವೆಯಾದ ಪೌಲೀನಮ್ಮನವರು 1864ರಲ್ಲಿ ತೀರಿಕೊಂಡರು. ಅವರ ತಂಗಿಯಾದ ಯೂಲಿಯಮ್ಮನವರನ್ನು ಅವರು 1867ರಲ್ಲಿ ಕೈಹಿಡಿದರು.

ಬಳಿಕ ಕಿಟ್ಟೆಲರ ಮನಸ್ಸೆಲ್ಲ ಓಲೆಗರಿಗಳ ಕಡೆಗೆ ತಿರುಗಿತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಶೋಧಿಸಿ ಅಚ್ಚುಹಾಕಿಸಿದರು. ಆ ಕವಿಗಳು ಕ್ರೈಸ್ತರಲ್ಲ. ಅವರ ಓಲೆಗಳನ್ನು ಬಿಡಿಸಿ ಹೇಳಿದ ಪಂಡಿತರೂ ಕ್ರೈಸ್ತರಲ್ಲ. ಆದರೂ ಮಂಗಳೂರಿನ ಮಿಶನ್ ಅಚ್ಚುಕೂಟವು ಇಂಥ ಕೆಲಸಕ್ಕೆ ತನ್ನ ಮೊಳೆಗಳನ್ನು ಕೊಟ್ಟಿತು.

ಎಲ್ಲಕ್ಕಿಂತ ದೊಡ್ಡ ಕೆಲಸವು ಶಬ್ದಕೋಶ. ರೀವ್ ದೊರೆಗಳ ಕನ್ನಡ-ಇಂಗ್ಲಿಷ್ ನಿಘಂಟು 1832ರಷ್ಟು ಹಿಂದೆಯೇ ಬಂದಿದ್ದರೂ ಅದು ಸಾಲದಾಗಿತ್ತು. ಕಿಟ್ಟೆಲರು ಒಂದು ಕಡೆ ಹಳೆಯ ಕಾವ್ಯಗಳನ್ನು, ಇನ್ನೊಂದು ಕಡೆ ಜನರ ಆಡುನುಡಿಯನ್ನು ಸೋಸಿ, ಸುಮಾರು 70,000 ಮಾತುಗಳನ್ನು ಕೂಡಿಸಿದರು. ಒಂದೊಂದು ಮಾತಿನ ಕೂಡ ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿರುವ ಅದರ ಒಡಹುಟ್ಟುಗಳನ್ನು ತೋರಿಸಿದರು. ಬಾಯಿಂದ ಮರೆತುಹೋದ ಱ, ೞ ಅಕ್ಷರಗಳನ್ನು ಅವುಗಳ ಸ್ಥಾನದಲ್ಲಿಯೇ ಉಳಿಸಿದರು. ಗಾದೆಗಳನ್ನು ಪದದ ಕೆಳಗೆ ಪೋಣಿಸಿದರು. ಇದು ಮೈಸೂರಿನಲ್ಲಿ ಕೇಳುವ ಮಾತು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಗುರುತು ಹಾಕಿದರು. ಹೀಗೆ ಪಟ್ಟಣದ ಪಂಡಿತನು ಒರಟೆಂದು ನಗುವ ನಮ್ಮ ಕಡೆಯ ಮಾತು ಕೂಡ ಪಂಪನ ಮಾತಿನೊಂದಿಗೆ ಒಂದೇ ಹೊತ್ತಿಗೆಯಲ್ಲಿ ಕೂತಿತು.

ಈ ದುಡಿಮೆಯಲ್ಲಿ ಅವರ ದೇಹವು ಸವೆಯಿತು. 1877ರಲ್ಲಿ ಸ್ವದೇಶಕ್ಕೆ ಹೋದರು. ಕೋಶವು ಅಲ್ಲಿ ಮುಗಿಯಲಾರದೆ 1883ರಲ್ಲಿ ತಿರುಗಿ ಬಂದರು. ಐವತ್ತು ದಾಟಿದ ಪ್ರಾಯದಲ್ಲಿ ಮತ್ತೆ ಸಮುದ್ರ ದಾಟಿದ್ದು ಮಾತುಗಳಿಗೋಸ್ಕರವೇ ಎಂಬದನ್ನು ವಾಚಕರು ಆಲೋಚಿಸಲಿ. 1892ರಲ್ಲಿ ಕಡೆಯ ಬಾರಿ ಈ ನಾಡನ್ನು ಬಿಟ್ಟರು. 1,700ಕ್ಕೂ ಹೆಚ್ಚು ಪುಟಗಳ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟರು.

ಕಿಟ್ಟೆಲರು ಬರೆದದ್ದೆಲ್ಲ ಇಂದು ನಿಲ್ಲುವಂಥದ್ದೆಂದು ಹೇಳುವದು ನ್ಯಾಯವಲ್ಲ. ಲಿಂಗಪೂಜೆಯ ಮೂಲವನ್ನು ಕುರಿತೂ ಯಜ್ಞವನ್ನು ಕುರಿತೂ ಅವರು ಬರೆದವುಗಳಲ್ಲಿ ಆ ಕಾಲದ ವಾದದ ಬಿಸಿಯುಂಟು. ಕೋಶದಲ್ಲಿಯಾದರೋ ಅವರು ವಾದಿಸಲಿಲ್ಲ, ಕಿವಿಗೊಟ್ಟರು.

1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ದೇವರ ಪಾದ ಸೇರಿದರು. ಮದ್ರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಆ ಕೋಶವನ್ನು ತಿದ್ದಿಸಿ, ಬೆಳೆಸಿ, 1968ರಿಂದ 1971ರ ವರೆಗೆ 4 ಸಂಪುಟಗಳಾಗಿ ಮತ್ತೆ ಹೊರಡಿಸಿತು.